ಗುಡ್ಡೆಯ ಬುಡದವರನ್ನು ಕೇಳಿ

(ಬದಿಯಡ್ಕದ ಒಂದು ವಾಚನಾಲಯದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಹೆತ್ತವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಆರಿಸಿದ್ದು ಒಂಬತ್ತನೇ ಕ್ಲಾಸಿನ ಮಕ್ಕಳು. ಯೂಟ್ಯೂಬಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮದ ತುಣುಕು ನೋಡಿದ್ದರಂತೆ. ಗಡ್ಡ ಬಿಟ್ಟ ಐದಾರು ಗಂಡಸರು, ಕೈಯಲ್ಲಿ ಕೋವಿ, ರಾತ್ರಿಯ ಕಾಡು, ಎಲ್ಲವೂ ಹಸಿರಾಗಿ ಕಾಣುವ ಕ್ಯಾಮರಾ. ಹುಡುಕುವುದು ಯಾರ ಕೈಗೂ ಸಿಗದ ಒಂದು ವಿಚಿತ್ರ ಪ್ರಾಣಿಯನ್ನು. "ಸಾರ್, ಅಲ್ಲಿಯ ಗುಡ್ಡೆಯಲ್ಲಿ ನಿಜವಾಗಿ ಅಂಥ ಪ್ರಾಣಿ ಉಂಟಾ?" ಅಂತ ಕೇಳಿದರು. ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿದರೆ ಟಿವಿಯವರ ಮಾತು ನಂಬುವ ಬದಲು ಮೇಷ್ಟ್ರ ಮಾತು ನಂಬಿದ ಹಾಗಾಗುತ್ತದೆ, ಅಷ್ಟೇ. ಅದಕ್ಕೇ ಇಷ್ಟು ಜನರನ್ನು ಕೂರಿಸಿ ಮಾತಾಡುತ್ತಿದ್ದೇನೆ.

ಆ ಕಾರ್ಯಕ್ರಮದ ಹೆಸರು ಮೌಂಟನ್ ಮಾನ್‌ಸ್ಟರ್ಸ್. 2013ರಲ್ಲಿ ಡೆಸ್ಟಿನೇಷನ್ ಅಮೆರಿಕ ಅನ್ನುವ ಚಾನೆಲಲ್ಲಿ ಶುರುವಾಯಿತು. ಅಮೆರಿಕದ ಪೂರ್ವದಲ್ಲಿ ಅಪಲೇಚಿಯನ್ ಅಂತ ಒಂದು ಬೆಟ್ಟಸಾಲು ಇದೆ. ಅದರ ಮಡಿಲಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯ. ಕಾಡು, ಕಣಿವೆ, ಕಲ್ಲಿದ್ದಲ ಗಣಿ, ಸಣ್ಣ ಸಣ್ಣ ಊರುಗಳು. ಕತೆ ಹೆಚ್ಚಾಗಿ ನಡೆಯುವುದು ಅಲ್ಲೇ. ಹೆಚ್ಚಿನ ಕಂತುಗಳ ದಾರಿ ಒಂದೇ. ತಂಡ ಒಂದು ಊರಿಗೆ ಹೋಗುತ್ತದೆ. ಕಂಡೆ ಅನ್ನುವ ಒಬ್ಬರನ್ನು ಮಾತಾಡಿಸುತ್ತದೆ. ಅವರು ಮಸುಕಾದ ಒಂದು ವಿಡಿಯೋ ತೋರಿಸುತ್ತಾರೆ. ಮರ ಕಡಿದು ದೊಡ್ಡದೊಂದು ಬೋನು ಕಟ್ಟುತ್ತಾರೆ. ರಾತ್ರಿ ಬೇಟೆ. ಪ್ರಾಣಿ ಹತ್ತಿರ ಬರುತ್ತದೆ, ಕೂಗುತ್ತದೆ, ತಪ್ಪಿಸಿಕೊಳ್ಳುತ್ತದೆ. ಮುಂದಿನ ಕಂತಿಗೆ ಬೇರೆ ಊರು, ಬೇರೆ ಪ್ರಾಣಿ.

ಇದನ್ನು ನೋಡಿ ಆ ಕಡೆಯ ಜನ ಎಂತ ಹೇಳುತ್ತಾರೆ? ನಮಗೆ ಬೇಕಾದ್ದು ಅದು. "ನಾವು ಹುಟ್ಟಿ ಬೆಳೆದದ್ದು ಇಲ್ಲೇ, ನಮ್ಮ ಅಜ್ಜಂದಿರೂ ಇಲ್ಲಿಯವರೇ. ಟಿವಿಯಲ್ಲಿ ಬರುವವರೆಗೆ ಇದರ ಹೆಸರೇ ಕೇಳಿರಲಿಲ್ಲ" ಅನ್ನುವ ಮಾತು ಅಲ್ಲಿಂದಲೇ ಬಂದದ್ದು. ನನಗೆ ಈ ಮಾತು ತುಂಬ ದೊಡ್ಡದಾಗಿ ಕಾಣುತ್ತದೆ. ಹೇಳುವವರು ಯಾರು ನೋಡಿ. ವೆಸ್ಟ್ ವರ್ಜೀನಿಯಾದಲ್ಲಿ ಬೇಟೆ ಮನೆಮನೆಯ ಅಭ್ಯಾಸ. ಪ್ರತಿ ವರ್ಷ ಸಾವಿರಾರು ಜನ ಜಿಂಕೆ, ಕರಡಿ ಬೇಟೆಗೆ ಕಾಡು ಹೊಗುತ್ತಾರೆ. ಕಪ್ಪು ಕರಡಿಯೇ ಆ ರಾಜ್ಯದ ಅಧಿಕೃತ ಪ್ರಾಣಿ. ಕರಡಿ ಹಿಂಗಾಲಲ್ಲಿ ಎದ್ದು ನಿಂತರೆ ಹೇಗೆ ಕಾಣುತ್ತದೆ, ಚರ್ಮರೋಗದಿಂದ ಕೂದಲು ಉದುರಿದ ಕರಡಿ ಎಷ್ಟು ವಿಕಾರವಾಗಿರುತ್ತದೆ, ಇದೆಲ್ಲ ಅವರಿಗೆ ಗೊತ್ತು. ಏಳೆಂಟು ಅಡಿ ಎತ್ತರದ ಪ್ರಾಣಿಯೊಂದು ಅದೇ ಕಾಡಲ್ಲಿ ಇದ್ದರೆ ಮರಿ ಹಾಕಬೇಕು, ತಿನ್ನಬೇಕು, ಸಾಯಬೇಕು. ರಸ್ತೆಯಲ್ಲಿ ಒಂದಾದರೂ ಲಾರಿಗೆ ಸಿಗಬೇಕು. ಒಂದು ಎಲುಬು, ಒಂದು ಹಲ್ಲು ಯಾರ ಕೈಗೂ ಸಿಗದಿದ್ದರೆ ಕಾಡು ಗೊತ್ತಿದ್ದವರಿಗೆ ಅನುಮಾನ ಬರಲೇಬೇಕು. ಆ ಅನುಮಾನ ಕಾಡಲ್ಲಿ ತಿರುಗಿ ತಿರುಗಿ ಬಂದ ತಿಳಿವಳಿಕೆ.

ನಮ್ಮ ಕಡೆಗೇ ಬನ್ನಿ. ನಾಳೆ ಒಂದು ತಂಡ ಕ್ಯಾಮರಾ ಹಿಡಿದುಕೊಂಡು ಪೊಸಡಿ ಗುಂಪೆಗೆ ಬಂತು ಅಂತಿಟ್ಟುಕೊಳ್ಳಿ. ಗುಂಪೆಯ ಗುಹೆಯಲ್ಲಿ ನೂರಾರು ವರ್ಷದಿಂದ ಒಂದು ಕರಿ ಪ್ರಾಣಿ ಇದೆ, ಊರಿನವರು ರಾತ್ರಿ ಹೊರಗೆ ಬರುವುದಿಲ್ಲ ಅಂತ ಹೇಳಿತು. ನೀವು ಒಪ್ಪುತ್ತೀರಾ? ಆ ಗುಡ್ಡೆಯಲ್ಲಿ ಮುಳಿಹುಲ್ಲು ಕೊಯ್ದವರು ಇಲ್ಲೇ ಕೂತಿದ್ದೀರಿ. ದನ ಅಟ್ಟಿಕೊಂಡು ಹೋದವರಿದ್ದೀರಿ. ಬಾಯಾರಿನ ಕಡೆ ಸುರಂಗದೊಳಗೆ ಬಗ್ಗಿ ನಡೆದು ನೀರಿನ ಒರತೆ ನೋಡಿ ಬಂದವರಿದ್ದೀರಿ. ತೋಟಕ್ಕೆ ಹಂದಿ ಬಂತೋ ಅಂತ ನಡುರಾತ್ರಿ ಟಾರ್ಚು ಹಿಡಿದು ಹೋಗದವರು ಇಲ್ಲಿ ಯಾರಿದ್ದೀರಿ? ಆ ತಂಡ ನಿಮ್ಮ ಹತ್ತಿರ ಬಂದರೆ ನೀವು ಅವರಿಗೆ ಎಷ್ಟೋ ಹೇಳಬಹುದು. ಹಂದಿ ಎಲ್ಲಿ ಇಳಿಯುತ್ತದೆ, ಕಾರಡ್ಕದ ಕಾಡಿಂದ ಆನೆ ಯಾವ ದಾರಿಯಲ್ಲಿ ತೋಟಕ್ಕೆ ಬರುತ್ತದೆ, ಕಾಟಿ ಯಾವಾಗ ಕಾಣುತ್ತದೆ. ಇವೆಲ್ಲ ಕ್ಯಾಮರಾಕ್ಕೆ ಬೇಡ. ಬೇಕಾದ್ದು ಹೆದರಿದ ಒಂದು ಮುಖ.

ಅಪಲೇಚಿಯನ್ ಜನರ ಬೇಸರದಲ್ಲಿ ಇದೂ ಒಂದು. ಗುಡ್ಡಗಾಡಿನವರು ಅಂದರೆ ಓದು ಇಲ್ಲದವರು, ಎಂತ ಹೇಳಿದರೂ ನಂಬುವವರು ಅನ್ನುವ ಚಿತ್ರವನ್ನು ಅಮೆರಿಕದ ಸಿನಿಮಾ ಮತ್ತು ಟಿವಿ ಬಹಳ ಕಾಲದಿಂದ ತೋರಿಸುತ್ತ ಬಂದಿವೆ. ಪ್ರಾಣಿಯ ಕತೆ ಸುಳ್ಳು ಅನ್ನುವುದಕ್ಕಿಂತ, ಅದನ್ನು ನಾವು ನಂಬುತ್ತೇವೆ ಅಂತ ಊರಿಗೆಲ್ಲ ತೋರಿಸುವುದು ಅವರಿಗೆ ಜಾಸ್ತಿ ನೋವು. ನಮಗೆ ಇದು ಅರ್ಥವಾಗುತ್ತದೆ. ಕೋಲ, ತೆಯ್ಯಂ ನಡೆಯುವ ಜಾಗಕ್ಕೆ ದೂರದಿಂದ ಬಂದು ಬೆಂಕಿ, ಬಣ್ಣ, ಆವೇಶ ಇಷ್ಟನ್ನೇ ಕತ್ತರಿಸಿ ಹಿಂದೆ ಒಂದು ಭಯದ ಸಂಗೀತ ಹಾಕಿ ತೋರಿಸಿದ್ದನ್ನು ನಾವೂ ನೋಡಿದ್ದೇವೆ. ಒಂದು ಮನೆತನದ, ಒಂದು ಊರಿನ ನಂಬಿಕೆ ಬೇರೆ, ಬೋನಿಟ್ಟು ಹಿಡಿಯುವ ಪ್ರಾಣಿ ಬೇರೆ. ದೈವದ ವಿಷಯ ಇವತ್ತು ನಾನು ಎತ್ತುವುದಿಲ್ಲ, ಅದಕ್ಕೆ ಬೇರೆಯೇ ದಿನ ಬೇಕು. ಒಂದು ಕಡೆ ಮಾತ್ರ ಅದರ ಹತ್ತಿರ ಹೋಗಬೇಕಾಗುತ್ತದೆ, ಆಮೇಲೆ ಹೇಳುತ್ತೇನೆ.

ಈಗ ಆ ಕಾರ್ಯಕ್ರಮ ಬಳಸಿಕೊಂಡ ಒಂದು ಹಳೆಯ ಕತೆ ನೋಡೋಣ. ಗ್ರಾಫ್ಟನ್ ಅಂತ ಒಂದು ಊರು, ಟೈಗಾರ್ಟ್ ಹೊಳೆಯ ಬದಿ. 1964ರ ಜೂನ್ ತಿಂಗಳು. ಅಲ್ಲಿಯ ಪತ್ರಿಕೆಯ ಯುವ ವರದಿಗಾರನೊಬ್ಬ ರಾತ್ರಿ ಹೊಳೆ ಬದಿಯ ರಸ್ತೆಯಲ್ಲಿ ಕಾರಲ್ಲಿ ಹೋಗುವಾಗ ರಸ್ತೆ ಬದಿಯಲ್ಲಿ ಬಿಳಿಯಾದ ದೊಡ್ಡದೊಂದು ಆಕಾರ ಕಂಡ. ತಲೆ ಕಾಣಿಸಲಿಲ್ಲ ಅಂದ. ಸುದ್ದಿ ಹರಡಿತು. ಊರಿನ ಹುಡುಗರು ಕಾರು, ಟಾರ್ಚು ತೆಗೆದುಕೊಂಡು ರಾತ್ರಿಯಿಡೀ ಹೊಳೆ ಬದಿ ಹುಡುಕಿದರು. ಸಿಗಲಿಲ್ಲ. ಆಮೇಲೆ ಆ ಊರಿನ ಪತ್ರಿಕೆಯೇ ಬರೆಯಿತು: ಯಾರೋ ಪೆಟ್ಟಿಗೆಗಳನ್ನು ಪೇರಿಸಿದ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದದ್ದು ಕತ್ತಲಲ್ಲಿ ಹಾಗೆ ಕಂಡಿರಬೇಕು.

ಕಾರಿನ ದೀಪದ ಬೆಳಕು ಒಂದು ಕ್ಷಣ ಬಿದ್ದ ಕೈಗಾಡಿಯನ್ನು ಮನಸ್ಸಲ್ಲಿ ಕಲ್ಪಿಸಿಕೊಳ್ಳಿ. ಬಿಳಿ ಪೆಟ್ಟಿಗೆಗಳ ರಾಶಿ, ಹಿಂದೆ ಬಗ್ಗಿ ತಳ್ಳುವ ಮನುಷ್ಯ. ತಲೆ ಕಾಣುವುದೇ ಇಲ್ಲ, ಅಲ್ವಾ? ಅಂದರೆ ಅನುಮಾನಪಡುವ ಕೆಲಸ, ಕಾರಣ ಹುಡುಕುವ ಕೆಲಸ ಆ ಊರಿನವರೇ ಆವತ್ತೇ ಮಾಡಿದ್ದರು. ಐವತ್ತು ವರ್ಷದ ಮೇಲೆ ಟಿವಿ ಬಂದಾಗ ಆ ಕೈಗಾಡಿ ಬಿಟ್ಟುಹೋಯಿತು, ಬಿಳಿ ಆಕಾರ ಮಾತ್ರ ಉಳಿಯಿತು.

ಅದೇ ರಾಜ್ಯದ ಫ್ಲಾಟ್‌ವುಡ್ಸ್‌ನಲ್ಲಿ 1952ರ ಸೆಪ್ಟೆಂಬರ್ 12ರ ಸಂಜೆ ಇನ್ನೊಂದು ನಡೆಯಿತು. ಆಟವಾಡುತ್ತಿದ್ದ ಹುಡುಗರು ಆಕಾಶದಲ್ಲಿ ಬೆಂಕಿಯ ಉಂಡೆಯಂಥದ್ದು ಹೋಗಿ ಗುಡ್ಡೆಯ ಹಿಂದೆ ಬಿದ್ದದ್ದನ್ನು ಕಂಡರು. ಒಬ್ಬ ತಾಯಿ, ಒಬ್ಬ ಯುವಕ, ಒಂದು ನಾಯಿ ಎಲ್ಲ ಸೇರಿ ಗುಡ್ಡೆ ಹತ್ತಿದರು. ಟಾರ್ಚು ಹಾಕಿದಾಗ ಮೇಲೆ ಎರಡು ಹೊಳೆಯುವ ಕಣ್ಣು, ಅಗಲ ಮುಖ, ಬುಸ್ ಅನ್ನುವ ಶಬ್ದ. ಅದು ತಮ್ಮ ಕಡೆಗೆ ತೇಲಿ ಬಂತು. ಎಲ್ಲರೂ ಓಡಿದರು. ಬಹಳ ವರ್ಷದ ನಂತರ ಜೋ ನಿಕೆಲ್ ಅನ್ನುವ ತನಿಖೆಗಾರ ಇದನ್ನು ಬಿಡಿಸಿ ನೋಡಿದ. ಆ ಸಂಜೆ ಒಂದು ಉಲ್ಕೆ ಮೂರು ರಾಜ್ಯಗಳಲ್ಲಿ ಕಂಡಿತ್ತು. ಗುಡ್ಡೆಯ ಮೇಲೆ ಮರದ ಗೆಲ್ಲಲ್ಲಿ ಕೂತದ್ದು ಬಹುಶಃ ಕಣಜ ಗೂಬೆ, ಅಂದ. ಮುಖದ ಆಕಾರ, ಬುಸುಗುಡುವ ಶಬ್ದ, ಸದ್ದಿಲ್ಲದೆ ತೇಲುವ ಹಾರಾಟ ಮೂರೂ ಅದಕ್ಕೆ ಹೊಂದುತ್ತದೆ. ಕೆಳಗಿನ ಪೊದೆ, ಗೂಬೆಯ ಕಾಲು ಸೇರಿ ಎತ್ತರದ ಒಂದೇ ಮೈಯ ಹಾಗೆ ಕಂಡಿರಬೇಕು.

ಗೂಬೆಯ ವಿಷಯ ಬಂದಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇದು ನನಗೆ ಪ್ರೀತಿಯ ಹಕ್ಕಿ. ನಮ್ಮ ಮಲಯಾಳಂ ನೆರೆಯವರು ಕಾಲನ್ ಕೋಳಿ ಅಂತ ಒಂದರ ಹೆಸರು ಹೇಳುತ್ತಾರೆ. ಅದು ಕೂಗಿದರೆ ಸಾವು ಬರುತ್ತದೆ ಅಂತ ಹಳಬರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಮುಸ್ಸಂಜೆಗೆ ಹಳೇ ಮಾವಿನ ಮರದಿಂದ ನಡುಗುವ ಸ್ವರದಲ್ಲಿ ಊಊಆಆ ಅಂತ ಎಳೆದು ಕೂಗುತ್ತದೆ. ಜೋಡಿಯಲ್ಲಿ ಇನ್ನೊಂದು ಆಚೆಯಿಂದ ಉತ್ತರ ಕೊಡುತ್ತದೆ. ಗೊತ್ತಿಲ್ಲದವರಿಗೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನೋಡಿದರೆ ಕಂದು, ಬಿಳಿ, ಕಪ್ಪು ಚುಕ್ಕೆಗಳ, ಹಗಲೆಲ್ಲ ಎಲೆಯ ಮರೆಯಲ್ಲಿ ಸುಮ್ನೆ ಕೂರುವ ಹಕ್ಕಿ. ತಿನ್ನುವುದು ಹೆಚ್ಚಾಗಿ ಇಲಿ. ಅಡಿಕೆ ತೋಟ ಇರುವವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ. ಕಣ್ಣು ಹೊಳೆಯುವುದೂ ಹಾಗೇ. ಬೆಕ್ಕು, ದನ, ಕಾಡುಪಾಪ, ಇಂಥವುಗಳ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಒಂದು ಪದರ ಇದೆ. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದರೆ ಆ ಹೊಳಪು ನಿಮಗೇ ಸರಿಯಾಗಿ ಬರುತ್ತದೆ. ಮಕ್ಕಳು ಇವತ್ತು ರಾತ್ರಿ ಅಂಗಳದಲ್ಲಿ ಹಾಗೆ ಹಿಡಿದು ನೋಡಿ. ಹುಲ್ಲಲ್ಲಿ ಜೇಡಗಳ ಕಣ್ಣು ಕೂಡ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತವೆ.

ಇನ್ನು ಮಾತ್‌ಮ್ಯಾನ್. ಮೌಂಟನ್ ಮಾನ್‌ಸ್ಟರ್ಸ್‌ನ ಮೊದಲ ಸರಣಿಯಲ್ಲೇ ಇದು ಬಂದಿದೆ. 1966ರ ನವೆಂಬರ್‌ನಲ್ಲಿ ಪಾಯಿಂಟ್ ಪ್ಲೆಸೆಂಟ್ ಅನ್ನುವ ಊರಿನ ಹತ್ತಿರ ಎರಡು ಜೋಡಿ ಕಾರಲ್ಲಿ ಹೋಗುವಾಗ ಕೆಂಪು ಕಣ್ಣಿನ, ರೆಕ್ಕೆಯ, ಮನುಷ್ಯನಷ್ಟು ಎತ್ತರದ ಒಂದನ್ನು ಕಂಡರು. ಅಲ್ಲಿಯ ವಿಶ್ವವಿದ್ಯಾಲಯದ ವನ್ಯಜೀವಿ ತಜ್ಞರೊಬ್ಬರು ಆಗಲೇ, ಇದು ದಾರಿ ತಪ್ಪಿ ಬಂದ ಸ್ಯಾಂಡ್‌ಹಿಲ್ ಕೊಕ್ಕರೆ ಇರಬೇಕು ಅಂದರು. ಅದರ ಕಣ್ಣಿನ ಸುತ್ತ ಕೆಂಪು ಚರ್ಮ ಇರುತ್ತದೆ. ಒಪ್ಪುವವರು ಒಪ್ಪಿದರು. ಇಷ್ಟಕ್ಕೇ ನಿಂತಿದ್ದರೆ ಕತೆ ಮರೆತು ಹೋಗುತ್ತಿತ್ತೋ ಏನೋ. ಆದರೆ 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ತುಂಬಿದ್ದ ಹೊತ್ತಲ್ಲಿ, ಆ ಊರಿನ ಸಿಲ್ವರ್ ಬ್ರಿಜ್ ಅನ್ನುವ ಸೇತುವೆ ಓಹಾಯೋ ನದಿಗೆ ಕುಸಿಯಿತು. 46 ಜನ ಸತ್ತರು. ಆ ಪ್ರಾಣಿ ಬಂದದ್ದು ಈ ಅಪಾಯ ಹೇಳಲಿಕ್ಕೆ, ಅಲ್ಲ, ಅದೇ ಬೀಳಿಸಿತು ಅಂತೆಲ್ಲ ಆಮೇಲೆ ಕತೆ ಬೆಳೆಯಿತು.

ಸೇತುವೆ ಬಿದ್ದದ್ದು ಯಾಕೆ? ಇಂಜಿನಿಯರುಗಳು ನದಿಯಿಂದ ತುಂಡುಗಳನ್ನು ಎತ್ತಿ, ಜೋಡಿಸಿ, ಕಾರಣ ಹುಡುಕಿದರು. 1928ರ ಸೇತುವೆ ಅದು. ಹಗ್ಗದ ಬದಲು ಎರಡು ತುದಿಯಲ್ಲಿ ತೂತಿರುವ ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಪಿನ್ನಿಗೆ ಸಿಕ್ಕಿಸಿ ಅದರಲ್ಲಿ ಸೇತುವೆ ತೂಗುತ್ತಿತ್ತು. ಒಂದು ಪಟ್ಟಿಯ ತೂತಿನ ಅಂಚಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ತುಕ್ಕು ಮತ್ತು ಎಳೆತ ಸೇರಿ ವರ್ಷಗಟ್ಟಲೆ ಬೆಳೆದದ್ದು. ಪಟ್ಟಿಗಳು ಜೋಡಿಯಾಗಿದ್ದವು, ಒಂದು ಹೋದರೆ ಇನ್ನೊಂದು ಹೊರುವ ಹಾಗಿರಲಿಲ್ಲ. ಕಟ್ಟಿದ ಕಾಲಕ್ಕಿಂತ ಕಾರು, ಲಾರಿಗಳ ಭಾರವೂ ಜಾಸ್ತಿಯಾಗಿತ್ತು. ಜೋಡಣೆ ಬಿಚ್ಚದೆ ಆ ಬಿರುಕು ಕಾಣುವಂತೆಯೇ ಇರಲಿಲ್ಲ. ಇದರ ನಂತರವೇ, 1968ರಲ್ಲಿ, ಅಮೆರಿಕದಲ್ಲಿ ಸೇತುವೆಗಳನ್ನು ನಿಯಮ ಪ್ರಕಾರ ಪರೀಕ್ಷೆ ಮಾಡಬೇಕು ಅಂತ ಕಾನೂನು ಬಂತು. ಕೆಂಪು ಕಣ್ಣಿನ ಪ್ರಾಣಿಯನ್ನೇ ಹುಡುಕುತ್ತ ಕೂತಿದ್ದರೆ ಆ ಕಾನೂನು ಬರುತ್ತಿತ್ತಾ?

ಪಾಯಿಂಟ್ ಪ್ಲೆಸೆಂಟ್‌ನವರು ಈಗ ಮಾತ್‌ಮ್ಯಾನ್ ಹೆಸರಲ್ಲಿ ಪ್ರತಿ ವರ್ಷ ಜಾತ್ರೆ ಮಾಡುತ್ತಾರೆ. ಊರಲ್ಲಿ ಪ್ರತಿಮೆ ಇದೆ, ಮ್ಯೂಸಿಯಂ ಇದೆ. ನನಗೆ ಅದರಲ್ಲಿ ತಕರಾರಿಲ್ಲ. ತಮ್ಮ ಊರಿನ ಕತೆಯನ್ನು ತಾವೇ ಹೇಳಿಕೊಂಡು ನಾಲ್ಕು ಕಾಸು ಮಾಡಿದರೆ ಯಾರಿಗೂ ಮೋಸವಿಲ್ಲ.

ಈಗ ಆಗಲೇ ಹೇಳಿದ ಆ ಹತ್ತಿರದ ಮಾತಿಗೆ ಬರುತ್ತೇನೆ. ನಮ್ಮ ಎಣ್ಮಕಜೆ ಪಂಚಾಯತು. ಅದರಲ್ಲಿ ಪಡ್ರೆ ಅನ್ನುವ ಊರು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ್ದು ನಿಮಗೆಲ್ಲ ಗೊತ್ತು. ಗುಡ್ಡೆಯ ಮೇಲೆ ಗೇರು, ಕೆಳಗೆ ಮನೆ, ತೋಡು, ಬಾವಿ, ಸುರಂಗ. ಜೇನು ಇಲ್ಲವಾಯಿತು, ಮೀನು, ಕಪ್ಪೆ ಸತ್ತವು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು. ಆಮೇಲೆ ಮಕ್ಕಳು. ಒಂದೇ ಊರಲ್ಲಿ ಇಷ್ಟು ಮನೆಗಳಲ್ಲಿ ಹೀಗಾಗುವುದು ಯಾಕೆ ಅಂತ ಕಾರಣ ತಿಳಿಯದ ಜನ, ಜಟಾಧಾರಿ ದೈವದ ಮುನಿಸು ಅಂದುಕೊಂಡರು. ಅವರನ್ನು ಯಾರೂ ಹಳಿಯಬಾರದು. ಅಷ್ಟು ದೊಡ್ಡ ದುಃಖಕ್ಕೆ ಕಾರಣ ಹೇಳುವವರು ಬೇರೆ ಯಾರೂ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಮಕ್ಕಳು ಗಮನ ಕೊಡಿ. ಜನ ಕಂಡದ್ದು ನೂರಕ್ಕೆ ನೂರು ಸರಿ. ಜೇನು ಹೋದದ್ದು ಸರಿ, ಕರು ಸೊಟ್ಟಗೆ ಹುಟ್ಟಿದ್ದು ಸರಿ, ಕಾಯಿಲೆ ಹೆಚ್ಚಿದ್ದು ಸರಿ. ಅದಕ್ಕೆ ಕೊಟ್ಟುಕೊಂಡ ಕಾರಣ ಮಾತ್ರ ಬೇರೆಯಾಗಿತ್ತು. ಅಲ್ಲೇ ಇದ್ದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತ, ಈ ಊರಲ್ಲೇ ಯಾಕೆ ಅಂತ ಕೇಳತೊಡಗಿದರು. ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ ಬರೆದರು. ಆಚೆ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಎಲ್ಲರೂ ಗುಡ್ಡೆಯ ಬುಡದವರು. ವಿಜ್ಞಾನಿಗಳು, ಸಮಿತಿಗಳು, ದೆಹಲಿ ಎಲ್ಲ ಆಮೇಲೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶವಿಡೀ ಎಂಡೋಸಲ್ಫಾನ್ ನಿಲ್ಲಿಸುವ ಮಧ್ಯಂತರ ಆದೇಶ ಕೊಟ್ಟಿತು. ಆಗಿನ ಕಾಲದಲ್ಲಿ ಭಯದ ಕಾರ್ಯಕ್ರಮದವರು ಯಾರಾದರೂ ಪಡ್ರೆಗೆ ಬಂದು ಶಾಪಗ್ರಸ್ತ ಊರು ಅಂತ ಒಂದು ಕಂತು ಮಾಡಿದ್ದರೆ ಎಂತ ಆಗುತ್ತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಜನ ಕಂಡದ್ದನ್ನು ಬಿಟ್ಟು, ಅವರ ಭಯವನ್ನು ಮಾತ್ರ ಹೊತ್ತುಕೊಂಡು ಹೋಗುತ್ತಿದ್ದರು. ಹೆಲಿಕಾಪ್ಟರ್ ಚಿತ್ರದೊಳಗೆ ಬರುತ್ತಲೇ ಇರಲಿಲ್ಲ.

ಟಿವಿಯಿಂದ ಯಾವಾಗಲೂ ಕೆಟ್ಟದ್ದೇ ಅಂತ ನಾನು ಹೇಳುವುದಿಲ್ಲ. ಯೇತಿ ಗೊತ್ತಲ್ವಾ, ಹಿಮಾಲಯದ ಹಿಮಮಾನವ. 1951ರಲ್ಲಿ ಎರಿಕ್ ಶಿಪ್ಟನ್ ಅನ್ನುವ ಪರ್ವತಾರೋಹಿ ತೆಗೆದ ಹೆಜ್ಜೆಯ ಫೋಟೋದಿಂದ ಅದು ಲೋಕವಿಡೀ ಸುದ್ದಿಯಾಯಿತು. 1960ರಲ್ಲಿ ಎಡ್ಮಂಡ್ ಹಿಲರಿ ಹುಡುಕಲಿಕ್ಕೆ ಹೋದರು. ಆ ತಂಡದಲ್ಲಿ ಟಿವಿಯ ಪ್ರಾಣಿ ಕಾರ್ಯಕ್ರಮದ ಮಾರ್ಲಿನ್ ಪರ್ಕಿನ್ಸ್ ಕೂಡ ಇದ್ದರು. ಖುಮ್‌ಜುಂಗ್ ಹಳ್ಳಿಯ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಯೇತಿಯ ತಲೆಚರ್ಮ ಅಂತ ಒಂದನ್ನು ಇಟ್ಟಿದ್ದರು. ಹಳ್ಳಿಯವರು ಅದನ್ನು ಸುಮ್ನೆ ಕೊಟ್ಟು ಕಳಿಸಲಿಲ್ಲ. ಊರಿನ ಹಿರಿಯ ಖುಮ್ಜೋ ಚುಂಬಿ ಅದರ ಜೊತೆಗೇ ಅಮೆರಿಕ, ಯುರೋಪಿಗೆ ಹೋಗಿ, ಜೊತೆಗೇ ವಾಪಸು ತಂದರು. ವಿಜ್ಞಾನಿಗಳು ನೋಡಿ, ಇದು ಸೆರೋ ಅನ್ನುವ ಕಾಡುಮೇಕೆಯಂಥ ಪ್ರಾಣಿಯ ಚರ್ಮದಿಂದ ಮಾಡಿದ್ದು ಅಂದರು. ಆ ಒಡನಾಟದಿಂದ ಹಳ್ಳಿಗೆ ಸಿಕ್ಕಿದ್ದು ಒಂದು ಶಾಲೆ. 1961ರಲ್ಲಿ ಹಿಲರಿ ಖುಮ್‌ಜುಂಗ್‌ನಲ್ಲಿ ಅದನ್ನು ಕಟ್ಟಿಸಿದರು. ಈ ಭಾಗ ನನಗೆ ಬಹಳ ಇಷ್ಟ.

ಆಮೇಲೆ 2017ರಲ್ಲಿ ಶಾರ್ಲೆಟ್ ಲಿಂಡ್‌ಕ್ವಿಸ್ಟ್ ಅನ್ನುವ ವಿಜ್ಞಾನಿ ಯೇತಿಯದ್ದು ಅಂತ ಇಟ್ಟುಕೊಂಡಿದ್ದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆ ಪ್ರಕಟಿಸಿದರು. ಎಂಟು ಕರಡಿಗಳದ್ದು, ಒಂದು ನಾಯಿಯದ್ದು. ಆ ಮಾದರಿಗಳನ್ನು ಅವರಿಗೆ ತಲುಪಿಸಿದ್ದು ಒಂದು ಟಿವಿ ಸಾಕ್ಷ್ಯಚಿತ್ರದ ಕಂಪೆನಿ. ಹಿಮಾಲಯದ ಕರಡಿಗಳ ವಂಶದ ಬಗ್ಗೆ ಹೊಸ ವಿಷಯವೂ ಅದರಿಂದ ಗೊತ್ತಾಯಿತು. ಕೂದಲು, ಎಲುಬು, ಹಲ್ಲು ಪ್ರಯೋಗಾಲಯಕ್ಕೆ ಕೊಟ್ಟು, ಬಂದ ಉತ್ತರವನ್ನು ಹಾಗೇ ಹೇಳುವ ಟಿವಿ ನಮಗೆ ಬೇಕು. ಫೈಂಡಿಂಗ್ ಬಿಗ್‌ಫುಟ್ ಅಂತ ಇನ್ನೊಂದು ಕಾರ್ಯಕ್ರಮ 2011ರಿಂದ 2018ರವರೆಗೆ ಬಂತು. ಬಿಗ್‌ಫುಟ್ ಅಂದರೆ ಅಮೆರಿಕದ ಕಾಡಲ್ಲಿ ಇದೆ ಅನ್ನುವ, ವಾನರನಂಥ ದೊಡ್ಡ ಪ್ರಾಣಿ. ಬಿಗ್‌ಫುಟ್ ಸಿಗಲಿಲ್ಲ. ಇಷ್ಟು ಹುಡುಕಿದೆವು, ಇಲ್ಲ ಅನ್ನುವ ಕೊನೆಯ ಕಂತನ್ನು ಇಂಥ ಕಾರ್ಯಕ್ರಮಗಳಲ್ಲಿ ನಾನು ಕಂಡಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, "ಹಾಗಾದರೆ ಅಜ್ಜಿ ಹೇಳಿದ ಕುಲೆಯ ಕತೆ, ಕೊಳ್ಳಿದೆವ್ವದ ಕತೆ ಮಕ್ಕಳಿಗೆ ಹೇಳಬಾರದಾ ಮಾಷ್ಟ್ರೆ?" ಅಂದರು. ಖಂಡಿತ ಹೇಳಿ. ಅಜ್ಜಿ ಅದನ್ನು ಕತೆ ಅಂತಲೇ ಹೇಳಿದ್ದು, ಕತ್ತಲೆಗೆ ಮಕ್ಕಳು ಕೆರೆಯ ಬದಿಗೆ ಹೋಗದಿರಲಿ ಅಂತ ಹೇಳಿದ್ದು. ಯಾರು ಹೇಳಿದರು, ಯಾವ ಮನೆಯ ಕತೆ, ಯಾವ ಗುಡ್ಡೆಯದ್ದು ಅಂತ ಬರೆದಿಡಿ ಕೂಡ. ನಾಳೆ ಯಾರಾದರೂ ಇಲ್ಲಿಗೆ ಹೊಸ ಕತೆ ತಂದು ಇದು ನಿಮ್ಮ ಪುರಾತನ ನಂಬಿಕೆ ಅಂದರೆ, ಇದು ನಮ್ಮದಲ್ಲ ಅಂತ ಹೇಳಲಿಕ್ಕೆ ಆ ಪುಸ್ತಕ ಬೇಕಾಗುತ್ತದೆ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ತೋಟದಲ್ಲಿ ಚಿರತೆಯ ಹೆಜ್ಜೆ ಅಂತ ವಾಟ್ಸಾಪಲ್ಲಿ ಫೋಟೋ ಬರುತ್ತದೆ, ನಂಬುವುದಾ ಬಿಡುವುದಾ ಅಂತ. ಚಿರತೆ ನಮ್ಮ ಜಿಲ್ಲೆಯಲ್ಲಿ ಇದೆ, ಅದು ಕತೆಯಲ್ಲ. ಹಾಗಾಗಿ ಸುಮ್ನೆ ಬಿಡುವ ಹಾಗಿಲ್ಲ. ಹೆಜ್ಜೆಯನ್ನು ನೋಡಿ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರಿನ ಗುರುತು ಬೀಳುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಹಿಂಬದಿಯ ದೊಡ್ಡ ಮೆತ್ತೆಯ ಕೆಳ ಅಂಚು ಮೂರು ಉಬ್ಬಾಗಿ ಕಾಣುತ್ತದೆ. ಕೆಸರಲ್ಲಿ ಮೂಡಿದ ಹೆಜ್ಜೆ ಜಾರಿ ದೊಡ್ಡದಾಗಬಹುದು, ಹಿಮದಲ್ಲಿ ಕರಗಿ ದೊಡ್ಡದಾಗುವ ಹಾಗೆಯೇ. ಅದಕ್ಕೇ ಒಂದು ಹೆಜ್ಜೆ ನೋಡಿ ಹೇಳಬೇಡಿ, ಸಾಲು ಹುಡುಕಿ. ಬದಿಯಲ್ಲಿ ಬೆಂಕಿಪೆಟ್ಟಿಗೆ ಇಟ್ಟು, ನೇರ ಮೇಲಿಂದ ಫೋಟೋ ತೆಗೆಯಿರಿ. ಜಾಗ, ದಿನ, ಹೊತ್ತು ಬರೆಯಿರಿ. ಗ್ರೂಪಿಗೆ ಹಾಕುವ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಮಳೆ ಬರುವ ಹಾಗಿದ್ದರೆ ಹೆಜ್ಜೆಯ ಮೇಲೊಂದು ಬಾಲ್ದಿ ಕವುಚಿ ಹಾಕಿ, ಅವರು ಬರುವವರೆಗೆ ಯಾರೂ ತುಳಿಯದ ಹಾಗೆ ನೋಡಿಕೊಳ್ಳಿ.